ಮಾಳಿಗೆಯ ಮೇಲಿನ ಊರು

ಯಾರ ಮನೆಗೆ ಹೋದರೂ ನಾನು ಮೊದಲು ತಲೆ ಎತ್ತಿ ಸೂರು ನೋಡುತ್ತೇನೆ. ಮನೆಯವರ ಮುಖ ಆಮೇಲೆ. ಇದು ಒಳ್ಳೆಯ ನಡತೆಯಲ್ಲ ಎಂದು ನನಗೂ ಗೊತ್ತು. ಉದಗೀರಿನಲ್ಲಿ ಮೈದುನನ ಮಗನಿಗೆ ಹೆಣ್ಣು ನೋಡಲು ಹೋದಾಗ ಹುಡುಗಿ ಚಹಾದ ತಟ್ಟೆ ಹಿಡಿದು ಎದುರಿಗೆ ಬಂದು ನಿಂತಿದ್ದಾಳೆ, ನಾನು ಅವರ ಪಡಸಾಲೆಯ ಮೇಲ್ಭಾಗವನ್ನೇ ದಿಟ್ಟಿಸುತ್ತಿದ್ದೇನೆ. ಹುಡುಗಿಯ ತಂದೆ ಗಾಬರಿಯಾಗಿ, "ಫ್ಯಾನ್ ಜರಾ ಜೋರ್ ಮಾಡ್ಲೇನ್ರೀ ಬಾಯಿ?" ಎಂದರು. ಮನೆಗೆ ಬಂದ ಮೇಲೆ ನಮ್ಮವರು ಸಿಕ್ಕವರಿಗೆಲ್ಲ ಹೇಳಿಕೊಂಡು ನಕ್ಕರು: "ಹೆಣ್ಣ ಹ್ಯಾಂಗದ ಅಂತ ಕೇಳಿದ್ರ, ಸ್ಲ್ಯಾಬ್ ಛಲೋ ಅದ ಅಂತಾಳ ಈಕಿ." ಅವರದು ಉಮರ್ಗಾ ಪೇಟೆಯಲ್ಲಿ ಬಟ್ಟೆ ಅಂಗಡಿ. ಎದುರಿಗೆ ದೇವಿಯೇ ಬಂದು ನಿಂತರೂ ಸೀರೆಯ ಅಂಚು ಮುಟ್ಟಿ ನೋಡುವ ಜಾತಿ. ನಾನು ಸೂರು ನೋಡಿದರೆ ಮಾತ್ರ ನಗು.

ನೀವೇ ಹೇಳಿ, ಹುಟ್ಟಿದ್ದು ಬೆಳೆದದ್ದು ಮಣ್ಣಿನ ಮಾಳಿಗೆಯ ಕೆಳಗೆ ಆದವಳು ಮತ್ತೆಲ್ಲಿ ನೋಡಬೇಕು? ಮಳೆಗಾಲ ಬಂತೆಂದರೆ ನಮ್ಮ ಮನೆಯಲ್ಲಿ ಎಲ್ಲರ ಕಣ್ಣೂ ಮೇಲೆಯೇ. ಎಲ್ಲಿ ಕಪ್ಪಾಯಿತು, ಎಲ್ಲಿ ಹನಿ ಕೂತಿತು, ಎಲ್ಲಿಗೆ ಪರಾತ ಇಡಬೇಕು. ನಮ್ಮಪ್ಪ ಊಟಕ್ಕೆ ಕೂತಾಗ ಸಾರಿನಲ್ಲಿ ಟಪ್ ಎಂದು ಒಂದು ಹನಿ ಬಿದ್ದರೆ, "ನೀಲಾ, ಸಾರ್ ತಿಳಿ ಆತವಾ" ಎಂದು ನಮ್ಮ ನೀಲಮ್ಮ ಕಾಕಿಯನ್ನು ಕೂಗಿ ಹೇಳಿ, ಅದನ್ನೇ ಉಂಡು ಏಳುತ್ತಿದ್ದರು.

ನಮ್ಮ ತವರು ನಿಲಂಗಾ ತಾಲ್ಲೂಕಿನ ಅಂಚಿನ ಒಂದು ಹಳ್ಳಿ. ಹೆಸರು ಹೇಳಿದರೂ ನಿಮಗೆ ತಿಳಿಯದು. ಎಸ್‌ಟಿ ಬಸ್ಸಿನ ಕಂಡಕ್ಟರನೇ ಟಿಕೀಟು ಹರಿಯುವ ಮೊದಲು ಒಂದು ಸಲ ಮುಖ ನೋಡುತ್ತಾನೆ. ಅಲ್ಲಿ ಮಾಳಿಗೆ ಹಾಕುವ ರೀತಿ ಹೀಗೆ: ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಹಲಗೆಯ ಮೇಲೆ ಬೇವಿನ ಸೊಪ್ಪು, ಅದರ ಮೇಲೆ ಒಂದು ಮೊಳ ದಪ್ಪ ಮಣ್ಣು. ಆದರೆ ಎಂಥ ಮಣ್ಣಾದರೂ ನಡೆಯುವುದಿಲ್ಲ. ಹೊಲದ ಎರೆಮಣ್ಣು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಮಳೆ ಬಂದರೆ ಮನೆಯೊಳಗೇ ಬಿತ್ತನೆ ಮಾಡಬಹುದು. ಮಾಳಿಗೆಗೆ ಬೇಕಾದದ್ದು ಬಿಳಿಮಣ್ಣು. ಹಿಟ್ಟಿನಂತೆ ನುಣ್ಣಗೆ, ತುಳಿದರೆ ಗಟ್ಟಿಯಾಗುವ, ನೀರನ್ನು ಜಾರಿಸಿಬಿಡುವ ಮಣ್ಣು. ಮರಾಠಿಯವರು ಅದನ್ನು ಪಾಂಢರಿ ಎನ್ನುತ್ತಾರೆ. ಅದು ಸಿಗುವುದು ಮನುಷ್ಯರು ಬಹಳ ಕಾಲ ಬಾಳಿ, ಗೋಡೆ ಕಟ್ಟಿ, ಗೋಡೆ ಬಿದ್ದು, ಬೂದಿ ಚೆಲ್ಲಿ, ಮತ್ತೆ ಕಟ್ಟಿ, ಕೊನೆಗೆ ಎದ್ದುಹೋದ ಜಾಗದಲ್ಲಿ ಮಾತ್ರ.

ಅಂಥ ಜಾಗ ನಮ್ಮ ಹೊಲದಲ್ಲೇ ಇತ್ತು. ಊರಿಗೆ ಹತ್ತಿಕೊಂಡೇ ಇರುವ ಒಂದು ದಿಬ್ಬ. ನಾವದನ್ನು ದಿನ್ನಿ ಎನ್ನುತ್ತಿದ್ದೆವು. ಅಲ್ಲಿ ಹಿಂದೆ ಯಾವುದೋ ಊರಿತ್ತಂತೆ, ಯಾವ ಕಾಲದ್ದೋ ಯಾರಿಗೂ ಗೊತ್ತಿರಲಿಲ್ಲ, ಕೇಳುವ ಗರಜೂ ಬಿದ್ದಿರಲಿಲ್ಲ. ಮಿರಗದ, ಎಂದರೆ ಮೃಗಶಿರೆಯ ಮಳೆಗೆ ಮುಂಚಿನ ಸೋಮವಾರ ಊರವರೆಲ್ಲ ಬುಟ್ಟಿ ಹಿಡಿದು ದಿನ್ನಿಗೆ ಬರುವುದು, ನಮ್ಮ ಮನೆಯ ಹೆಂಗಸು ಅಲ್ಲಿ ಒಂದು ತಂಬಿಗೆ ನೀರು ಚೆಲ್ಲಿ "ತಗೋರಿ" ಅನ್ನುವುದು, ಅವರು ಅಗೆದುಕೊಂಡು ಹೋಗಿ ತಂತಮ್ಮ ಮಾಳಿಗೆಯ ಮೇಲೆ ಒಂದು ಪದರ ಹರಡಿ ತುಳಿಯುವುದು. ಇದು ನಮ್ಮಜ್ಜನಿಗಿಂತ ಹಳೆಯ ರೂಢಿ. ಸತ್ತ ಊರು ವರ್ಷಕ್ಕಿಷ್ಟು ಎದ್ದು ಬಂದು ಬದುಕಿರುವ ಊರಿನ ತಲೆಯ ಮೇಲೆ ಕೂರುತ್ತಿತ್ತು.

ಮಳೆ ನಿಂತ ಮೇಲೆ ನಿಚ್ಚಣಿಕೆ ಹಾಕಿ ಮಾಳಿಗೆ ಹತ್ತುವುದು ಮಕ್ಕಳಾದ ನಮ್ಮ ಕೆಲಸ. ಬಿರುಕಿಗೆ ಮಣ್ಣು ಮೆತ್ತಬೇಕು, ಹುಲ್ಲು ಏಳದಂತೆ ಕಲ್ಲುಪ್ಪು ಎರಚಬೇಕು. ಆದರೆ ನಾವು ಹತ್ತುತ್ತಿದ್ದದ್ದು ಮಣಿಗಾಗಿ. ಮಳೆ ತೊಳೆದ ಮಾಳಿಗೆಯ ಮೇಲೆ ಕೆಂಪು ಮಣಿ, ಶಂಖದ ಬಳೆಯ ಚೂರು, ಒಮ್ಮೊಮ್ಮೆ ಮಣ್ಣಿನ ಪುಟ್ಟ ಗೂಳಿಯ ರುಂಡ. ನಮ್ಮ ಗೊಂಬೆಗಳ ಮದುವೆಗೆ ಇವುಗಳದೇ ಒಡವೆ. ಒಂದು ದೊಡ್ಡ ಕೆಂಪು ಮಣಿಯನ್ನು ಅಜ್ಜಿ ಕಸಿದುಕೊಂಡು, ಅಪ್ಪ ದೇವಣಿಯಿಂದ ತಂದ ಆಕಳ ಕರುವಿನ ಕೊರಳಿಗೆ ಕರಿದಾರದಲ್ಲಿ ಕಟ್ಟಿದ್ದಳು, ದೃಷ್ಟಿ ಆಗದಿರಲೆಂದು. ಆ ಕರು ಆಕಳಾಯಿತು. ಅದರ ಕರು, ಆ ಕರುವಿನ ಕರು, ಹೀಗೆ ಮಣಿ ಕೊರಳಿಂದ ಕೊರಳಿಗೆ ಇಳಿದು ಬಂತು. ಮನೆಯ ಹೆಣ್ಣುಮಕ್ಕಳಿಗೆ ಬಂಗಾರ ಹಂಚುವಾಗ ನಡೆದ ಜಗಳ ದನಗಳಲ್ಲಿ ನಡೆಯಲಿಲ್ಲ.

ಆಮೇಲೆ ಭೂಕಂಪವಾಯಿತು. ನಮ್ಮ ಸೀಮೆಯವರಿಗೆ ಅದರ ಬಗ್ಗೆ ಹೆಚ್ಚು ಹೇಳುವುದು ಬೇಡ. ತಲೆ ಕಾಯುತ್ತಿದ್ದ ಮಣ್ಣೇ ಎಷ್ಟೋ ಊರುಗಳಲ್ಲಿ ಮಲಗಿದ್ದವರ ಮೇಲೆ ಬಿತ್ತು. ನಮ್ಮೂರಲ್ಲಿ ಗೋಡೆ ಬಿರಿದವು, ಜೀವ ಉಳಿದವು. ಅಂದಿನಿಂದ ಮಾಳಿಗೆ ಎಂದರೆ ಎದೆ ಅಳುಕುವವರು ತಗಡು ಹಾಕಿಸಿದರು, ಸಿಮೆಂಟಿಗೆ ಹೋದರು. ಆಗದವರು, ಒಲ್ಲದವರು ಮಾಳಿಗೆಯ ಕೆಳಗೇ ಉಳಿದರು. ಒಲ್ಲದವರಲ್ಲಿ ನಮ್ಮ ನೀಲಮ್ಮ ಕಾಕಿ ಮೊದಲನೆಯವಳು. ಅಪ್ಪನ ತಮ್ಮನ ಹೆಂಡತಿ. ಕಾಕಾ, ಅಪ್ಪ, ಅವ್ವ ಎಲ್ಲ ಹೋದ ಮೇಲೆ ತವರು ಎಂದರೆ ನನಗೆ ಈಗ ಅವಳೇ. ಮಗ ಬಸು ಅಂಗಳದ ಆ ಬದಿಗೆ ಸ್ಲ್ಯಾಬಿನ ಎರಡು ಕೋಣೆ ಕಟ್ಟಿಸಿ ಹೆಂಡತಿ ಮಕ್ಕಳೊಂದಿಗೆ ಅಲ್ಲಿದ್ದಾನೆ. ಇವಳು ಈ ಬದಿಯ ಹಳೆಯ ಮನೆ ಬಿಡಲಿಲ್ಲ. "ಸಿಮೆಂಟಿನ ಕೆಳಗ ಮಲಗಿದ್ರ ಹಂಚಿನ ಮ್ಯಾಲಿನ ರೊಟ್ಟಿ ಆಗ್ತೀನಿ" ಎನ್ನುತ್ತಾಳೆ. ನಮ್ಮ ಬೇಸಿಗೆ ಬಲ್ಲವರು ಇದಕ್ಕೆ ಎದುರು ಹೇಳಲಾರರು.

ಈಗ ಮೀನಲ್ ಮೇಡಂ ವಿಷಯಕ್ಕೆ ಬರುತ್ತೇನೆ. ದೂರದ ಒಂದು ವಿಶ್ವವಿದ್ಯಾಲಯದಲ್ಲಿ ಪುರಾತತ್ವ ಕಲಿಸುವವರು. ತೆಳ್ಳಗೆ, ಬಿಸಿಲಿಗೆ ಕಂದಿದ ಮುಖ, ತಲೆಯ ಮೇಲೆ ದೊಡ್ಡ ಟೊಪ್ಪಿಗೆ. ದಿನ್ನಿಯಲ್ಲಿ ಅಗೆದು ನೋಡಬೇಕೆಂದು ಸರ್ಕಾರದ ಪರವಾನಗಿ ತಂದಿದ್ದರು. ಈಗಿನ ಕಾಲದಲ್ಲಿ ಬರೀ ಅಗೆದರೆ ಸಾಲದಂತೆ. ಊರವರನ್ನು ಜೊತೆಗೆ ಕರೆದುಕೊಂಡು, ಅವರಿಗೆ ತಿಳಿಸಿ, ಅವರಿಂದ ತಿಳಿದು ಕೆಲಸ ಮಾಡಬೇಕಂತೆ. ಅದಕ್ಕೆ 'ಲೋಕಸಹಭಾಗ' ಎಂದು ಹೆಸರು. ಅದೇ ಹೆಸರಿನ ಬ್ಯಾನರು ಕೂಡ ತಂದಿದ್ದರು. ಮರಾಠಿ ಕನ್ನಡ ಎರಡೂ ಬಲ್ಲ, ಊರಿನ ಪರಿಚಯವಿರುವ ಒಬ್ಬರು ನಡುವೆ ಬೇಕಿತ್ತು. ಯಾರೋ ನನ್ನ ಹೆಸರು ಹೇಳಿದರು. ನಾನು ಇತಿಹಾಸದ ನಿವೃತ್ತ ಶಿಕ್ಷಕಿ, ನಮ್ಮ ಕಡೆ ಎಲ್ಲರಿಗೂ 'ಬಾಯಿ'. ಸಿಂಧೂ ಕಣಿವೆಯ ಚರಂಡಿಗಳ ಬಗ್ಗೆ ಇಡೀ ಜನ್ಮ ಪಾಠ ಹೇಳಿದವಳಿಗೆ ನನ್ನ ತಲೆಯ ಮೇಲೇ ಒಂದು ಊರು ಕೂತಿದೆ ಎಂದು ಒಂದು ದಿನವೂ ಹೊಳೆಯಲಿಲ್ಲ. ಕರೆದ ಕೂಡಲೇ ಕುಣಿಯುತ್ತ ಒಪ್ಪಿಕೊಂಡೆ. ನಮ್ಮವರು, "ಇಷ್ಟ ದಿನ ಸೂರ್ ನೋಡ್ತಿದ್ಳು, ಇನ್ ನೆಲಾ ನೋಡ್ತಾಳ" ಎಂದು ಬೀಳ್ಕೊಟ್ಟರು.

ಮೊದಲ ದಿನ ಮೇಡಂ ಪರವಾನಗಿಯ ಕಾಗದ ತೆಗೆದು ಕಾಕಿಯ ಮುಂದೆ ಹಿಡಿದರು. ಕಾಕಿ ಕಾಗದ ನೋಡಲೇ ಇಲ್ಲ.

"ಈಕಿಗೇನ್ ಬೇಕಂತ ಪಾರೂ?" ಎಂದು ನನ್ನನ್ನು ಕೇಳಿದಳು.

"ದಿನ್ನಿ ಅಗೀಬೇಕಂತ ಕಾಕಿ. ಮಣ್ಣಾಗ ಏನೇನ್ ಅದ ನೋಡ್ತಾರಂತ."

"ಅಂದ್ರ ಮಣ್ಣ ಕೇಳ್ಲಾಕ ಬಂದಾಳ. ಹಂಗನ್ನು ಮತ್ತ. ಮಣ್ಣ ಕೇಳ್ದವರಿಗಿ ನಮ್ಮ ಮನ್ಯಾಗ ಇಲ್ಲ ಅನ್ನೂ ರೂಢಿನೇ ಇಲ್ಲ" ಎಂದು ಕಾಕಿ ತಂಬಿಗೆ ತುಂಬಿಕೊಂಡು ಹೊರಟೇಬಿಟ್ಟಳು. ಮೇಡಂ ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡು ಹಿಂದೆ ಹಿಂದೆ ನಡೆದರು.

ಆ ರೂಢಿಯ ಹಿಂದೆ ಒಂದು ಮಾತಿದೆ. ನಾವು ಶರಣರ ಮನೆಯವರು, ಸತ್ತವರನ್ನು ಸುಡುವುದಿಲ್ಲ, ಕೂರಿಸಿ ಮಣ್ಣು ಕೊಡುತ್ತೇವೆ. ಕಾಕಿ ಮದುವೆಯಾಗಿ ಬಂದ ಹೊಸದರಲ್ಲಿ ಅಜ್ಜಿ ಅವಳನ್ನು ದಿನ್ನಿಗೆ ಕರೆದೊಯ್ದು ಹೇಳಿದ್ದಳಂತೆ: "ಹಾಲ್ ಇಲ್ಲ ಅಂದ್ರ ನಡೀತದ, ಕಾಳ್ ಇಲ್ಲ ಅಂದ್ರ ನಡೀತದ. ಮಣ್ಣ ಕೇಳಿದ್ರ ಇಲ್ಲ ಅನಬ್ಯಾಡ. ಮಣ್ಣ ಇಲ್ಲ ಅಂದವರಿಗಿ ಕಡೀಕ ಮಣ್ಣ ಸಿಗಂಗಿಲ್ಲ." ಈ ಮಾತನ್ನು ನಾನೂ ಕೇಳಿ ಬೆಳೆದವಳೇ. ನನಗೆ ಅದು ಗಾದೆ. ಕಾಕಿಗೆ ಅದು ಗಾದೆಯಾಗಿರಲಿಲ್ಲ.

ಕೆಲಸ ಸುರುವಾಯಿತು. ವಿದ್ಯಾರ್ಥಿಗಳು ಜೀಪಿನಲ್ಲಿ ಬರುವರು, ಯೆಣೆಗೂರಿನ ಧಾಬಾದಲ್ಲಿ ಚಹಾಕ್ಕೆ ನಿಂತು ದಿನಾ ತಡ ಮಾಡುವರು, ಮೇಡಂ ದಿನಾ ಬೈಯುವರು. ದಾರ ಕಟ್ಟಿ ಚೌಕ ಚೌಕ ಮಾಡಿ, ಕುಂಚದಿಂದ ಗುಡಿಸಿ, ಬೆರಳು ದಪ್ಪದ ಮಣ್ಣು ತೆಗೆಯಲು ಒಂದು ಹೊತ್ತು ಹಿಡಿಸುವರು. ನಮ್ಮ ಊರವರು ಬದುವಿನ ಮೇಲೆ ಕೂತು, ಇವರು ಈ ಲೆಕ್ಕದಲ್ಲಿ ಬಾವಿ ತೋಡಿದರೆ ಮೊಮ್ಮಕ್ಕಳು ನೀರು ಕುಡಿದಾರು ಎಂದು ನಗುವರು. ಹುಡುಗಿಯರು ಬೇವಿನ ನೆರಳಲ್ಲಿ ಬಕೀಟು ಇಟ್ಟುಕೊಂಡು ಒಡೆದ ಗಡಿಗೆಯ ಚೂರುಗಳನ್ನು ಹಲ್ಲುಜ್ಜುವ ಬ್ರಶ್ಶಿನಿಂದ ತೊಳೆಯುವುದನ್ನು ಕಾಕಿ ನಿಂತು ನೋಡಿದಳು. "ಮನಿ ಭಾಂಡಿ ತೊಳಿ ಅಂದ್ರ ನಮ್ಮ ಸೊಸಿ ಮಾರಿ ತಿರುವ್ತಾಳ. ಒಡಕ ಬೋಕಿ ತೊಳೀಲಾಕ ಕಾಲೇಜ್ ಹುಡುಗ್ಯಾರ ಬಂದಾರ ನೋಡು" ಎಂದು ಸೊಸೆಗೆ ಕೇಳುವಂತೆ ಹೇಳಿದಳು. ಸಂಜೆಯ ಹೊತ್ತಿಗೆ ತಾನೂ ಒಂದು ಬ್ರಶ್ಶು ಇಸಿದುಕೊಂಡು ಕೂತಿದ್ದಳು.

ಆಕಳ ಕೊರಳ ಮಣಿಯ ಸುದ್ದಿ ಮೇಡಂಗೆ ನಾನೇ ಹೇಳಿದೆ. ಓಡಿ ಬಂದು ನೋಡಿದರು. ಸಾವಿರಾರು ವರ್ಷದ್ದು, ದೂರದ ದೇಶಗಳಿಗೂ ಹೋಗುತ್ತಿದ್ದ ಜಾತಿಯ ಮಣಿ ಎಂದರು. ಬಿಚ್ಚಿ ಕೊಡುವಿರಾ ಎಂದು ಕೇಳಲು ಬಾಯಿ ತೆರೆದವರು ಕಾಕಿಯ ಮುಖ ನೋಡಿ ಸುಮ್ಮನಾದರು. ಕೊನೆಗೆ ಕಪ್ಪು ಬಿಳಿ ಗೆರೆಯ ಅಳತೆ ಪಟ್ಟಿಯನ್ನು ಆಕಳ ಕೊರಳ ಬಳಿ ಹಿಡಿದು ಫೋಟೋ ತೆಗೆದರು. ಆಕಳು ಪಟ್ಟಿಯನ್ನು ನೆಕ್ಕಿತು.

ಹೀಗೆ ಎಲ್ಲ ಸರಿಯಾಗಿಯೇ ನಡೆದಿತ್ತು. ಒಂದು ಸಂಜೆ ಮಠದ ಪಡಸಾಲೆಯಲ್ಲಿ ಸಭೆ ಕರೆದರು. ಬ್ಯಾನರು ಕಟ್ಟಿದರು. ಮೇಡಂ ಮರಾಠಿಯಲ್ಲಿ ಮನಸ್ಸು ಬಿಚ್ಚಿ ಮಾತಾಡಿದರು, ನಾನು ಕನ್ನಡದಲ್ಲಿ ಹೇಳುತ್ತ ಹೋದೆ. ಈ ದಿನ್ನಿ ವರ್ಷ ವರ್ಷ ಸವೆಯುತ್ತಿದೆ, ಹೀಗೇ ಹೋದರೆ ನಿಮ್ಮ ಮಕ್ಕಳಿಗೆ ನೋಡಲು ಏನೂ ಉಳಿಯುವುದಿಲ್ಲ, ಇನ್ನು ಮುಂದೆ ಮಣ್ಣು ಒಯ್ಯಬೇಡಿ ಎಂದರು. ಆ ಮಾತಿಗೆ ಕಾಕಿ ತಲೆ ಎತ್ತಿ ನನ್ನನ್ನು ನೋಡಿದಳು. ಮೇಡಂ ಮುಂದುವರಿಸಿದರು: ಈ ದಿನ್ನಿಯಿಂದ ಹೋದದ್ದು ಇಡೀ ಊರಿನ ಆಸ್ತಿ, ನಿಮ್ಮ ನಿಮ್ಮ ಮನೆಯಲ್ಲಿ ಇದ್ದದ್ದನ್ನು ದಯವಿಟ್ಟು ನಾಳೆ ತನ್ನಿ, ಎಲ್ಲ ಸೇರಿಸಿ ಶಾಲೆಯಲ್ಲಿ ಒಂದು ಪ್ರದರ್ಶನ ಮಾಡೋಣ.

ನಮ್ಮ ಹಿಂಬದಿ ಮನೆಯ ಗುಂಡಪ್ಪ ಎದ್ದು ನಿಂತ. "ಎಲ್ಲಾನೂ ತರಬೇಕ್ರೀ ಮ್ಯಾಡಂ?"

"ಎಲ್ಲವನ್ನೂ" ಎಂದರು ಮೇಡಂ. "ನಿಮಗೆ ಅದು ಮಣ್ಣು ಅನಿಸಿದರೂ ನಮಗೆ ಬಂಗಾರ."

ಗುಂಡಪ್ಪ ತಲೆಯಾಡಿಸಿ ಕೂತ. ಊರೆಲ್ಲ ತಲೆಯಾಡಿಸಿತು. ಸಭೆ ಇಷ್ಟು ಚೆನ್ನಾಗಿ ಆದದ್ದಕ್ಕೆ ನಾನೂ ಮೇಡಮ್ಮೂ ಒಬ್ಬರನ್ನೊಬ್ಬರು ನೋಡಿ ಬೀಗಿದೆವು.

ಮರುದಿನ ನಾವು ಹೋಗುವಷ್ಟರಲ್ಲಿ ದಿನ್ನಿಯ ಮೇಲೆ ಜಾತ್ರೆಯಷ್ಟು ಜನ. ಟ್ರ್ಯಾಕ್ಟರು, ಎತ್ತಿನ ಬಂಡಿ, ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸರು. ಬೆಳಕು ಹರಿಯುವ ಮೊದಲೇ ಮಾಳಿಗೆ ಹತ್ತಿ, ಕೆರೆದು, ಮಣ್ಣು ಇಳಿಸಿಕೊಂಡು ತಂದಿದ್ದರು. ತಂದದ್ದನ್ನು ಎಲ್ಲೆಂದರಲ್ಲಿ ಚೆಲ್ಲದೆ, ವಿದ್ಯಾರ್ಥಿಗಳು ಅಷ್ಟು ಕಷ್ಟಪಟ್ಟು ತೋಡಿದ ಚೌಕ ಗುಂಡಿಗಳಲ್ಲಿ ಅಂದವಾಗಿ ತುಂಬಿ, ಮೇಲೆ ನೀರು ಚಿಮುಕಿಸಿ ತುಳಿದಿದ್ದರು. ನಮ್ಮೂರವರು ಮಣ್ಣು ತುಳಿಯುವುದರಲ್ಲಿ ನಿಸ್ಸೀಮರು. ಎಲ್ಲಿ ಗುಂಡಿ ಇತ್ತು ಎಂದು ಗುರುತೂ ಸಿಗುತ್ತಿರಲಿಲ್ಲ.

"ಅರೇ ದೇವಾ! ಹೇ ಕಾಯ್ ಕೇಲಂತ?" ಎಂದು ಮೇಡಂ ಅಲ್ಲೇ ಬದುವಿನ ಮೇಲೆ ಕುಸಿದು ಕೂತರು. ಇದೇನು ಮಾಡಿಬಿಟ್ಟಿರಿ ಎಂದು ಅವರು ಕೇಳಿದ್ದು.

ಗುಂಡಪ್ಪ ಬೆವರು ಒರೆಸಿಕೊಳ್ಳುತ್ತ ಬಂದ. "ನಮ್ಮದು ಅರ್ಧ ಮಾಳಗಿ ಆತ್ರೀ. ಉಳದದ್ದು ಸಂಜೀ ತನಕ ತಂದ ಹಾಕ್ತೀವಿ. ಗಡಬಡ ಮಾಡಬ್ಯಾಡ್ರಿ."

"ಗುಂಡಪ್ಪಾ, ಮೇಡಂ ಕೇಳಿದ್ದು ಮಣಿ, ನಾಣ್ಯ, ಬೊಂಬಿ ಅಂಥಾವಪಾ!" ಎಂದೆ ನಾನು.

"ಮಣಿ ಏನ್ ಮಾಡ್ತಾರ ಬಾಯಿ? ಅವು ಕಸದಾಗ ಹೋಗ್ತಾವ. ದಿನ್ನಿಂದ ನಾವ್ ಹೊತಗೊಂಡ ಹೋಗಿದ್ದು ಮಣ್ಣು. ಊರ ಆಸ್ತಿ ಅದು, ತಂದ ಕೊಡ್ರಿ ಅಂತ ಅಕಿ ಕೈ ಮುಗದ ಕೇಳಿದ ಮ್ಯಾಲೆ ತಲಿ ಮ್ಯಾಲ ಇಟಗೊಂಡ ಹ್ಯಾಂಗ ಮಲಗೂದು?"

ನಾನು ಇದನ್ನು ಮರಾಠಿಯಲ್ಲಿ ಹೇಳಿದೆ. ಮೇಡಂ ಗುಂಡಪ್ಪನ ಮುಖ ನೋಡಿದರು, ಬುಟ್ಟಿ ಹೊತ್ತು ಸಾಲಾಗಿ ಬರುತ್ತಿದ್ದ ಹೆಂಗಸರನ್ನು ನೋಡಿದರು, ನಗಲು ಸುರುಮಾಡಿದರು. ನಗುನಗುತ್ತ ಕಣ್ಣಲ್ಲಿ ನೀರು ಬಂತು. ಆ ನೀರು ನಗುವಿನದೋ ಹೋದ ಕೆಲಸದ್ದೋ ನಾನು ಕೇಳಲಿಲ್ಲ. ಆಮೇಲೆ ಥಟ್ಟನೆ ಎದ್ದು ಆಕಾಶ ನೋಡಿದರು. ಮಿರಗ ಹತ್ತಿರ ಬಂದಿತ್ತು. ಕೊಟ್ಟವರ ಮನೆಗಳ ಮೇಲೆ ಈಗ ಬರೀ ಹಲಗೆ, ಸೊಪ್ಪು. "ಮೊದಲು ಇವರ ಮನೆ" ಎಂದರು.

ಅಂದಿನಿಂದ ವಿಶ್ವವಿದ್ಯಾಲಯದ ಕೆಲಸವೆಲ್ಲ ತಿರುಗುಮುರುಗು. ಗುಂಡಿಗಳಲ್ಲಿ ತುಂಬಿದ ಮಣ್ಣನ್ನು ತೋಡಿ, ಜರಡಿ ಹಿಡಿದು, ಬುಟ್ಟಿಗೆ ತುಂಬಿ, ಮಾಳಿಗೆಗೆ ಹೊತ್ತು ಹಾಕುವುದು. ಪುಣ್ಯಕ್ಕೆ ಒಂದೊಂದು ಮನೆಯವರು ಒಂದೊಂದು ಗುಂಡಿ ತುಂಬಿದ್ದರಿಂದ ಮಣ್ಣು ಕಲೆತಿರಲಿಲ್ಲ, ಯಾವುದು ಯಾರದೆಂದು ಊರವರಿಗೆ ಗೊತ್ತಿತ್ತು. ಕಾಲೇಜಿನ ಹುಡುಗಿಯರು ಪ್ಯಾಂಟು ಮಡಚಿ ಮಾಳಿಗೆ ತುಳಿದರು. ನಾನೂ ಹುಮ್ಮಸ್ಸಿನಿಂದ ನಿಚ್ಚಣಿಕೆ ಹತ್ತಿದೆ. ಹತ್ತುವುದು ಮೊಣಕಾಲಿಗೆ ನೆನಪಿತ್ತು, ಇಳಿಯುವುದು ನೆನಪಿರಲಿಲ್ಲ. ನಾಲ್ಕು ಜನ ಹಿಡಿದು ಇಳಿಸಿದರು. ಜರಡಿಯಲ್ಲಿ ಉಳಿದ ಮಣಿ, ಬಳೆ ಚೂರು, ಬೊಂಬೆಗಳನ್ನು ಮೇಡಂ ಶಾಲೆಯ ಬೆಂಚುಗಳ ಮೇಲೆ ಇರಿಸಿ, ಯಾವ ಮಣ್ಣಿನಲ್ಲಿ ಸಿಕ್ಕಿತೋ ಆ ಮನೆಯವರ ಹೆಸರಿನ ಚೀಟಿ ಹಚ್ಚಿದರು. 'ಗುಂಡಪ್ಪನ ಮಾಳಿಗೆ', 'ಚಂದ್ರಕಲಾಬಾಯಿಯ ಮಾಳಿಗೆ'. ಜನ ಮುಗಿಬಿದ್ದರು. ಗುಂಡಪ್ಪ ತನ್ನ ಬೆಂಚಿನ ಪಕ್ಕದಲ್ಲೇ ನಿಂತು ಬಂದವರಿಗೆಲ್ಲ ತೋರಿಸಿದ. ಕಸದಲ್ಲಿ ಹೋಗುತ್ತವೆ ಎಂದಿದ್ದ ಮಣಿಯನ್ನು ಈಗ ಮುಟ್ಟಲು ಹೋದವರ ಕೈ ತಳ್ಳುತ್ತಿದ್ದ.

ಆದರೆ ಜರಡಿ ಹಿಡಿದ ಮೇಲೆ ಮಣ್ಣು ಮೊದಲಿನಷ್ಟು ಉಳಿಯುತ್ತದೆಯೇ? ಗಾಳಿಗೆ ಹಾರಿದ್ದೆಷ್ಟೋ, ಗುಂಡಿಯಲ್ಲಿ ಕಚ್ಚಿಕೊಂಡದ್ದೆಷ್ಟೋ. ಮಾಳಿಗೆಗಳೆಲ್ಲ ತೆಳ್ಳಗಾದವು. ಕಾಕಿಯದು ಒಂದೇ ಮೊದಲಿನಂತೆ ದಪ್ಪಗೆ ಇದ್ದದ್ದು. ದಿನ್ನಿಯೇ ಅವಳದು, ಅವಳು ಯಾರಿಗೆ ಮರಳಿ ಕೊಡಬೇಕು? ಈ ವರ್ಷ ಊರಿಗೆ ಹಿಂದಿಗಿಂತ ಹೆಚ್ಚು ಹೊಸ ಮಣ್ಣು ಬೇಕಿತ್ತು, ಈ ವರ್ಷವೇ ಕೊಡಬಾರದಾಗಿತ್ತು. ಹೊರಡುವ ದಿನ ಮೇಡಂ ಕಾಕಿಯ ಕೈ ಹಿಡಿದುಕೊಂಡು, "ಆಯೀ, ನೀವು ಬೇಡ ಅಂದರೆ ಊರು ಕೇಳುತ್ತದೆ. ಈ ಸೋಮವಾರ ಯಾರಿಗೂ ಕೊಡಬೇಡಿ" ಎಂದು ಬೇಡಿಕೊಂಡರು. ಕಾಕಿ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮೇಡಂ ತಲೆ ಮೇಲೆ ಕೈ ಇಟ್ಟು ಕಳಿಸಿಕೊಟ್ಟಳು.

ಜೀಪು ಹೋದ ಮೇಲೆ ಕಾಕಿ ಕಟ್ಟೆಯ ಮೇಲೆ ಕೂತಳು. ರೊಟ್ಟಿ ಕೊಟ್ಟರೆ ಮುರಿದು ಹಾಗೇ ಇಟ್ಟಳು.

"ಆ ಹುಡುಗಿದೂ ಖರೇನೇ ಅದ ಪಾರೂ" ಎಂದಳು ಕೊನೆಗೆ. "ನನ್ನ ಕಣ್ಣ ಮುಂದನೇ ದಿನ್ನಿ ಅರ್ಧ ಆಗ್ಯದ. ಆದ್ರ ಗುಂಡ್ಯಾ ಬುಟ್ಟಿ ಹಿಡದ ಬಂದ ನಿಂತ್ರ ಹ್ಯಾಂಗ ಇಲ್ಲ ಅನ್ಲಿ? ಎಪ್ಪತ್ತ ದಾಟ್ಯಾವ ನನಗ. ಇಷ್ಟ ದಿನ ಅನ್ಲಾರದ ಮಾತು, ಮಣ್ಣಿಗಿ ಹೋಗೂ ಹೊತ್ತಿನ್ಯಾಗ ಅನ್ಲ್ಯಾ?"

"ಅದೆಲ್ಲಾ ಬರೀ ಮಾತ ಕಾಕಿ" ಎಂದೆ. ಅಲ್ಲಿಯವರೆಗೆ ಅವಳನ್ನು ಮಣ್ಣಿನ ಜೊತೆಗೆ ನಾನು ಎಂದೂ ನೆನೆಸಿಕೊಂಡಿರಲಿಲ್ಲ.

ಸೋಮವಾರಕ್ಕೆಂದು ನಾನು ಉಳಿದುಕೊಂಡೆ. ಕಾಕಿ ಎಂದಿನಂತೆ ಮಿಂದು, ವಿಭೂತಿ ಧರಿಸಿ, ತಂಬಿಗೆ ತುಂಬಿಕೊಂಡು ದಿನ್ನಿಯ ಬೇವಿನ ಕೆಳಗೆ ಹೋಗಿ ಕೂತಳು. ನಾನು ಪಕ್ಕದಲ್ಲಿ. ಬರುವವರಿಗೆ ಏನು ಹೇಳುತ್ತಾಳೋ ಅವಳಿಗೇ ಗೊತ್ತಿರಲಿಲ್ಲ. ಬಿಸಿಲೇರಿತು. ಯಾರೂ ಬರಲಿಲ್ಲ. ಹೊಲಕ್ಕೆ ಹೋಗುವವರು ದಾರಿಯಲ್ಲೇ ನಿಂತು, "ಶರಣ್ರೀ ಕಾಕಿ" ಎಂದು ಕೈಮುಗಿದು ಮುಂದೆ ಸಾಗಿದರು. ಯಾರ ಕೈಯಲ್ಲೂ ಬುಟ್ಟಿ ಇರಲಿಲ್ಲ. ಗುಂಡಪ್ಪ ಬಂದಾಗ ಕಾಕಿಯೇ ತಡೆದಳು.

"ಯಾಕೋ, ಮಾಳಗೀಗಿ ಮಣ್ಣ ಬ್ಯಾಡೇನು?"

"ಸಾಕಷ್ಟ ಅದ ಬಿಡ ಕಾಕಿ. ಹುಡುಗ್ಯಾರು ಛಲೋ ತುಳದಾರ. ಈ ವರ್ಷ ಗರಜ ಇಲ್ಲ" ಎಂದು ಅವನು ನೆಲ ನೋಡುತ್ತ ಹೇಳಿ ಹೋದ.

ಚಂದ್ರಕಲಾ ಬಂದಳು. "ತಾಡಪತ್ರಿ ತಂದಾರ ಕಾಕಿ, ಅದನ್ನೇ ಹಾಸ್ತೀವಿ." ಟಾರ್ಪಾಲು ತರಲು ಆ ಮನೆಯಿಂದ ಪೇಟೆಗೆ ಹೋಗಿ ಬಂದವರೇ ಇರಲಿಲ್ಲ, ನಮಗಿಬ್ಬರಿಗೂ ಗೊತ್ತಿತ್ತು. ಇನ್ನೊಬ್ಬ, ಈ ವರ್ಷ ಮಳೆಯೇ ಕಡಿಮೆಯಂತೆ ಎಂದ. ಮಳೆ ಕಡಿಮೆಯಾದರೆ ಎದೆ ಬಡಿದುಕೊಳ್ಳುವ ಒಕ್ಕಲುಮಗ, ನಗುತ್ತ ಹೇಳಿದ.

ಮಧ್ಯಾಹ್ನದ ಹೊತ್ತಿಗೆ ಕಾಕಿಗೆ ತಿಳಿಯಿತು. ಸೆರಗು ಬಾಯಿಗೆ ಒತ್ತಿಕೊಂಡಳು. "ಊರಿಗಿ ಊರೇ ಸುಳ್ಳ ಹೇಳ್ಲಾಕತ್ತದ ಪಾರೂ. ನನ್ನ ಬಾಯಿಂದ ಇಲ್ಲ ಬರಬಾರದಂತ. ಕೇಳಿದ್ರಲ್ಲೇನ್ ಇಲ್ಲ ಅನ್ನೂದು? ಕೇಳ್ಲೇ ಇಲ್ಲ ನೋಡು" ಎಂದಳು. ನಾನು ಅವಳ ಬೆನ್ನ ಮೇಲೆ ಕೈ ಇಟ್ಟೆ. ನನಗೂ ಅಳು ತಡೆಯಲಾಗಲಿಲ್ಲ.

ಇದಿಷ್ಟಕ್ಕೆ ಎಲ್ಲ ಸುಸೂತ್ರವಾಯಿತು ಎಂದುಕೊಂಡೆ. ದಿನ್ನಿ ಉಳಿಯಿತು, ಮಾತು ಉಳಿಯಿತು. ಆದರೆ ಕಾಕಿ ತಂಬಿಗೆಯ ನೀರನ್ನು ಬೇವಿನ ಬುಡಕ್ಕೆ ಹಾಕಿ ಎದ್ದವಳು ಸೀದಾ ಮನೆಗೆ ನಡೆದು ಬಸುವನ್ನು ಕೂಗಿದಳು.

"ಬಸೂ, ನನ್ನ ಮಾಳಗಿ ಮಣ್ಣ ಇಳಸು."

"ಯಾಕವ್ವಾ? ಎಲ್ಲಾ ಗಟ್ಟಿ ಅದಲಾ."

"ಗಟ್ಟಿ ಅದ ಅಂತನೇ ಇಳಸು. ಎಲ್ಲಾನೂ. ತಂದು ಓಣಿ ಕಟ್ಟಿ ಮುಂದ ಹಾಕು."

"ಹುಚ್ಚ ಹಿಡದದೇನ್ ನಿನಗ? ಯಾರ್ ಕೇಳ್ಯಾರ ಮಣ್ಣ?"

"ಯಾರೂ ಕೇಳಿಲ್ಲ, ಅದಕ್ಕೇ. ಕೇಳೂದ್ರೊಳಗ ಕೊಟ್ಟಬಿಡೋಣು."

ಬಸು ನನ್ನ ಕಡೆ ನೋಡಿದ. ನಾನು ಸೂರು ನೋಡಿದೆ. ಅದು ನಮ್ಮ ಅಜ್ಜಂದಿರ ಕಾಲದಿಂದ ಪದರ ಪದರವಾಗಿ ಬಿದ್ದ ಮಣ್ಣು, ಊರಲ್ಲೇ ದೊಡ್ಡ ಮಾಳಿಗೆ. ಅದರ ಕೆಳಗೆ ನಾನು ಹುಟ್ಟಿದ್ದೆ. ಸಂಜೆಗೆ ಓಣಿಯ ಕಟ್ಟೆಯ ಮುಂದೆ ಬಿಳಿಮಣ್ಣಿನ ಗುಡ್ಡೆ ಬಿತ್ತು. ಕಾಕಿ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು, ಒಯ್ಯುವವರಿಗೆ ಸಂಕೋಚ ಆಗಬಾರದೆಂದು. ಬುಟ್ಟಿ ಕೆಳಗಿಡುವ ಸದ್ದು, ಗುದ್ದಲಿಯ ಸದ್ದು ಕೇಳುತ್ತಿತ್ತು. ಮರುದಿನ ಬೆಳಿಗ್ಗೆ ನೋಡಿದರೆ ಗುಡ್ಡೆ ಇರಲಿಲ್ಲ, ಆ ಜಾಗವನ್ನು ಯಾರೋ ಗುಡಿಸಿ ಸಾರಿಸಿ ರಂಗೋಲಿ ಹಾಕಿದ್ದರು. ಕಾಕಿಯ ಹಾಸಿಗೆ ಸ್ಲ್ಯಾಬಿನ ಕೋಣೆಗೆ ಹೋಯಿತು.

ನಾನು ಉಮರ್ಗಾಕ್ಕೆ ಬಂದು ಮೇಡಂಗೆ ಫೋನಿನಲ್ಲಿ ಎಲ್ಲ ಹೇಳಿದೆ. "ದಿನ್ನಿ ಉಳಿಸಿ ಅಂದೆ, ಬಾಯಿ" ಎಂದರು. "ಅದರ ಬದಲು ತಮ್ಮ ಮನೆ ಕೊಡಿ ಅಂತ ನಾನು ಕೇಳಿರಲಿಲ್ಲ." ನನಗೆ ಅವರ ಮೇಲೂ ಮರುಕ ಬಂತು. ಒಳ್ಳೆಯದನ್ನು ಕೇಳಿದವರಿಗೂ ಎಷ್ಟು ಸಿಗುತ್ತದೆಂದು ಮೊದಲೇ ಗೊತ್ತಿರುವುದಿಲ್ಲ. ಮಾಳಿಗೆ ಇಲ್ಲದ ಮನೆಗೆ ಏನು ಮಾಡೋಣ ಎಂದು ಕೇಳಿದರು. ತಗಡು ಹಾಕಿಸುತ್ತೇನೆಂದು ಬಸು ಹೇಳಿದ್ದಾನೆ, ಅವಳು ಒಪ್ಪುತ್ತಿಲ್ಲ ಎಂದೆ.

ಮಿರಗದ ಮೊದಲ ಮಳೆ ಬಂದ ಮರುದಿನ ಕಾಕಿಯದೇ ಫೋನು ಬಂತು. ನಾನು ಅಂಗಡಿಯಲ್ಲಿದ್ದೆ.

"ಪಾರೂ, ಯಾರ ಮನೀನೂ ಸೋರಿಲ್ಲವಾ!" ದನಿ ಹುಡುಗಿಯದರಂತಿತ್ತು. "ಮುಂಜಾನೆದ್ದ ಒಬ್ಬೊಬ್ಬರ ಮನಿ ಹೊಕ್ಕು, ಮ್ಯಾಲ ನೋಡೇ ಬಂದೆ. ಗುಂಡ್ಯಾಂದು, ಚಂದ್ರಕಲಾಂದು, ಎಲ್ಲಾರದೂ ಒಣಾ ಒಣಾ."

"ಮತ್ತ ನಿನ್ನ ಹಳೀ ಖೋಲಿ?"

"ನನ್ನ ಖೋಲ್ಯಾಗ ಮಳಿ ಸೀದಾ ಒಳಗ ಬಂದ ಕುಂತದ" ಎಂದು ಕಾಕಿ ನಕ್ಕಳು. "ಕುಂದರ್ಲಿ ಬಿಡು. ಅದಕ್ಕೂ ನಾ ಇಲ್ಲ ಅಂದಿಲ್ಲ."